ಅಳಿಯಂದಿರಿಗೆ ಎಸ್ ಎಲ್ಲಿ ಹಾಕಬೇಕು? ಲಗ್ನಪತ್ರಿಕೆಯ ಇಂಗ್ಲಿಷ್ ಬಗ್ಗೆ ಒಂದು ಉತ್ತರ

ಪ್ರಶ್ನೆ: ಮೇಡಂ, ನಾನು ಕಲಬುರಗಿಯ ಒಂದು ಪ್ರಿಂಟಿಂಗ್ ಅಂಗಡಿಯಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಲಗ್ನದ ಸೀಸನ್‌ನಲ್ಲಿ ದಿನಾ ಹತ್ತಾರು ಪತ್ರಿಕೆ ಟೈಪ್ ಮಾಡಬೇಕು, ಒಂದು ಕಡೆ ಕನ್ನಡ, ಒಂದು ಕಡೆ ಇಂಗ್ಲಿಷ್. ಹೋದ ವಾರ ಒಬ್ಬರ ಕಾರ್ಡಿನಲ್ಲಿ ಮೂವರು ಅಳಿಯಂದಿರ ಹೆಸರಿನ ಮೇಲೆ “ಸನ್-ಇನ್-ಲಾಸ್” ಅಂತ ಹಾಕಿದ್ದೆ. ಅದು ತಪ್ಪು, “ಸನ್ಸ್-ಇನ್-ಲಾ” ಮಾಡಿ ಅಂದರು. ಮುಂದಿನ ಕಾರ್ಡಿನಲ್ಲಿ “ಅಳಿಯನ ಮನೆ” ಅಂತ ವಿಳಾಸ ಬಂತು, ಅಲ್ಲೂ ಎಸ್ ಅನ್ನು ನಡುವೆ ಹಾಕಿದೆ. ಅದೂ ತಪ್ಪು ಅಂತ ವಾಪಸ್ ಬಂತು! ಇನ್ನೊಬ್ಬರು ರೆಡ್ಡಿ ಮನೆತನದವರು, ಅವರ ಹೆಸರಿನ ವೈ ತೆಗೆದು ಐ-ಇ-ಎಸ್ ಮಾಡಿದ್ದಕ್ಕೆ ಸಿಟ್ಟಾದರು. ಎಸ್ ಎಲ್ಲಿ ಬರಬೇಕು, ಆ ಮೇಲಿನ ಕಾಮಾ ಎಲ್ಲಿ ಬರಬೇಕು, ಒಂದು ಸಲ ಬಿಡಿಸಿ ಹೇಳ್ತೀರಾ?

ಉತ್ತರ: ತಂಗಿ, ಬಹಳ ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ನಾನು ಕಾಲೇಜಿನಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ಕಲಿಸಿದವಳು. ಪರೀಕ್ಷೆಯಲ್ಲಿ ಈ ಎಸ್ ತಪ್ಪಿದರೆ ಅರ್ಧ ಮಾರ್ಕು ಹೋಗುತ್ತದೆ, ಅಷ್ಟೆ. ಲಗ್ನಪತ್ರಿಕೆಯಲ್ಲಿ ತಪ್ಪಿದರೆ ಅದು ಐನೂರು ಮನೆಗೆ ಹೋಗಿ ಕೂಡುತ್ತದೆ, ಕೆಲವು ಮನೆಯಲ್ಲಿ ವರ್ಷಾನುಗಟ್ಟಲೆ ಇರುತ್ತದೆ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಮೇಲಿನ ಕಾಮಾಕ್ಕೆ ಅಪಾಸ್ಟ್ರಫಿ ಅನ್ನುತ್ತಾರೆ, ನಾನು ಎರಡೂ ಹೆಸರು ಬಳಸುತ್ತೇನೆ.

ನಿಮ್ಮನ್ನು ಎರಡು ಸಲ ತಿದ್ದಿದವರು ಇಬ್ಬರೂ ಸರಿಯಾಗಿಯೇ ತಿದ್ದಿದ್ದಾರೆ. ತೊಂದರೆ ಏನಂದರೆ, ಇಂಗ್ಲಿಷಿನಲ್ಲಿ ಎಸ್ ಎರಡು ಬೇರೆ ಬೇರೆ ಕೆಲಸ ಮಾಡುತ್ತದೆ. ಒಂದು, ನಮ್ಮ “ಅಂದಿರು” ಮಾಡುವ ಕೆಲಸ: ಅಳಿಯ, ಅಳಿಯಂದಿರು. ಇನ್ನೊಂದು, ನಾವು “ಅಳಿಯನ” ಅಂದಾಗ ಆ ಕೊನೆಯ “ನ” ಮಾಡುವ ಕೆಲಸ. ಕೆಲಸ ಎರಡು, ಅಕ್ಷರ ಒಂದೇ, ಆದರೆ ಕೂಡುವ ಜಾಗ ಬೇರೆ. ಬಹುವಚನದ ಎಸ್ ಮನುಷ್ಯನಿಗೆ ಅಂಟುತ್ತದೆ. “ಯಾರ?” ಅಂತ ಹೇಳುವ ಎಸ್ ಇಡೀ ಮಾತಿನ ಬಾಲಕ್ಕೆ ಅಂಟುತ್ತದೆ. ಇದೊಂದು ತಲೆಯಲ್ಲಿ ಕೂತರೆ ನಿಮ್ಮ ಮುಕ್ಕಾಲು ತಲೆನೋವು ಹೋದ ಹಾಗೆ.

ಸನ್-ಇನ್-ಲಾ ತಗೊಳ್ಳಿ. ಇಲ್ಲಿ ಮನುಷ್ಯ ಯಾರು? ಸನ್. ಇನ್-ಲಾ ಅನ್ನುವುದು ಆ ಸಂಬಂಧ ಯಾವ ದಾರಿಯಿಂದ ಬಂತು ಅಂತ ಹೇಳುವ ಮಾತು. ಅಳಿಯಂದಿರು ಮೂವರಾದರೆ ಹೆಚ್ಚಾದದ್ದು ಸನ್, ಲಾ ಅಲ್ಲ. ಅದಕ್ಕೆ ಸನ್ಸ್-ಇನ್-ಲಾ. ಹಾಗೇ ಸೊಸೆಯಂದಿರು ಡಾಟರ್ಸ್-ಇನ್-ಲಾ, ಅತ್ತೆಯಂದಿರು ಮದರ್ಸ್-ಇನ್-ಲಾ. ಇನ್ನು ಅಳಿಯನ ಮನೆ ಅಂದರೆ, ಒಬ್ಬನೇ ಅಳಿಯ, ಬಹುವಚನದ ಮಾತೇ ಇಲ್ಲ. ಆಗ ಎಸ್ ಬಾಲಕ್ಕೆ ಹೋಗುತ್ತದೆ, ಅಪಾಸ್ಟ್ರಫಿ ಸಮೇತ: ಸನ್-ಇನ್-ಲಾ’ಸ್ ಹೌಸ್. ಮೂವರೂ ಅಳಿಯಂದಿರಿಗೆ ಸೇರಿದ ಒಂದು ಅಂಗಡಿ ಇದ್ದರೆ? ಎರಡೂ ಕೆಲಸ ಒಟ್ಟಿಗೆ ಆಗಬೇಕು, ಎರಡೂ ಎಸ್ ಬೇಕು: ಸನ್ಸ್-ಇನ್-ಲಾ’ಸ್ ಶಾಪ್. ನೋಡಲಿಕ್ಕೆ ವಿಚಿತ್ರ ಅನ್ನಿಸಬಹುದು, ಆದರೆ ಅದೇ ಸರಿ. ಕಾರ್ಡಿನಲ್ಲಿ ಚೆನ್ನಾಗಿ ಕಾಣಲ್ಲ ಅನ್ನಿಸಿದರೆ “ದ ಶಾಪ್ ಆಫ್ ಅವರ್ ಸನ್ಸ್-ಇನ್-ಲಾ” ಅಂತ ತಿರುಗಿಸಿ ಬರೆಯಿರಿ. ನಾನಾದರೆ ಹಾಗೇ ಬರೆಯುತ್ತೇನೆ.

ನಮ್ಮವರಿಗೆ ಇದು ಯಾಕೆ ತಪ್ಪುತ್ತದೆ ಅಂತ ನಾನು ಬಹಳ ಯೋಚನೆ ಮಾಡಿದ್ದೇನೆ. ಕನ್ನಡದಲ್ಲಿ ಎರಡೂ ಬಾಲದಲ್ಲೇ ಬರುತ್ತವೆ. ಅಳಿಯ, ಅಳಿಯನ, ಅಳಿಯಂದಿರು, ಅಳಿಯಂದಿರ. ಒಂದರ ಹಿಂದೆ ಒಂದು ಸಾಲಾಗಿ ನಿಲ್ಲುತ್ತವೆ, ಮೊದಲು ಎಷ್ಟು ಜನ ಅನ್ನುವುದು, ಆಮೇಲೆ ಯಾರ ಅನ್ನುವುದು. ಹುಟ್ಟಿದಾಗಿನಿಂದ ಇದೇ ಅಭ್ಯಾಸ ಆದ ಕೈ, ಇಂಗ್ಲಿಷ್ ಟೈಪ್ ಮಾಡುವಾಗಲೂ ಪದದ ಕೊನೆಗೇ ಹೋಗುತ್ತದೆ. ಹೋಗಲೇಬೇಕು. ನಮ್ಮ ಭಾಷೆಯಲ್ಲಿ ಇನ್ನೊಂದು ಚೆಂದ ಇದೆ, ಗಮನಿಸಿದ್ದೀರಾ? ಮರಗಳು, ಮನೆಗಳು ಅನ್ನುತ್ತೇವೆ, ಆದರೆ ಅಕ್ಕಗಳು, ಅತ್ತೆಗಳು ಅನ್ನಲ್ಲ. ಅಕ್ಕಂದಿರು, ಅಣ್ಣಂದಿರು, ಮಾವಂದಿರು, ತಾಯಂದಿರು. ಬಳಗದವರಿಗೆ ಅಂತಲೇ ಒಂದು ಬಹುವಚನ ಇಟ್ಟುಕೊಂಡ ಭಾಷೆ ನಮ್ಮದು. ಇಂಗ್ಲಿಷಿಗೆ ಆ ಭಾಗ್ಯ ಇಲ್ಲ, ಅಲ್ಲಿ ಅಕ್ಕನಿಗೂ ಅದೇ ಎಸ್, ಕುರ್ಚಿಗೂ ಅದೇ ಎಸ್.

ಈ ಇನ್-ಲಾ ಎಲ್ಲಿಂದ ಬಂತು ಅಂತ ಗೊತ್ತಾದರೆ ನೆನಪಿಡಲಿಕ್ಕೆ ಸುಲಭ. ಲಾ ಅಂದರೆ ಕಾನೂನು ಸರಿ, ಆದರೆ ಇದು ಕೋರ್ಟಿನ ಕಾನೂನಲ್ಲ, ಚರ್ಚಿನದ್ದು. ಲಗ್ನ ಆದ ಮೇಲೆ ಗಂಡನ ಅಣ್ಣತಮ್ಮಂದಿರು ಹೆಂಡತಿಗೂ ಒಡಹುಟ್ಟಿದವರ ಹಾಗೆ, ಮುಂದೆ ಅವರ ಜೊತೆ ಮದುವೆ ಕೂಡದು ಅಂತ ಹಳೇ ಕಾಲದ ಚರ್ಚು ನಿಯಮ ಮಾಡಿತ್ತು. ಆ ನಿಯಮದ ಲೆಕ್ಕದಲ್ಲಿ ಅಣ್ಣ ಆದವನು ಬ್ರದರ್-ಇನ್-ಲಾ. ನಮ್ಮಲ್ಲಿ ಇದಕ್ಕೆ ಪೂರಾ ಉಲ್ಟಾ. ಸೋದರಮಾವನ ಮಗಳು, ಅಕ್ಕನ ಮಗಳು ಅಂತ ಬಳಗದೊಳಗೇ ಹೆಣ್ಣು ತಂದುಕೊಳ್ಳುವ ಪದ್ಧತಿ ಇದ್ದದ್ದರಿಂದ, ಅಪ್ಪನ ತಂಗಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಎಷ್ಟೋ ಮನೆಯಲ್ಲಿ ಇಬ್ಬರೂ ಒಬ್ಬರೇ ಆಗಿರುತ್ತಿದ್ದರು. ಹಾಗಾಗಿ ಕನ್ನಡ ಕಡೆಯ ಪಠ್ಯ ನೋಡಿ ಇಂಗ್ಲಿಷ್ ಟೈಪ್ ಮಾಡುವಾಗ “ಅತ್ತೆ” ಅಂತ ಕಂಡರೆ ಒಂದು ಕ್ಷಣ ನಿಲ್ಲಿ. ಆಂಟೋ, ಮದರ್-ಇನ್-ಲಾನೋ? ಪಾರ್ಟಿಯನ್ನೇ ಕೇಳಿ. ಆಂಟ್ ಆದರೆ ಕೆಲಸ ಹಗುರ. ಒಬ್ಬ ಅತ್ತೆಯ ಅಂದರೆ ಟಿ ಆದ ಮೇಲೆ ಅಪಾಸ್ಟ್ರಫಿ, ಎಸ್. ಇಬ್ಬರ ಅಂದರೆ ಮೊದಲು ಎಸ್, ಆಮೇಲೆ ಅಪಾಸ್ಟ್ರಫಿ.

ಒಂದು ಎಚ್ಚರಿಕೆ. “ಎಸ್ ಯಾವಾಗಲೂ ಮೊದಲ ಪದಕ್ಕೆ” ಅಂತ ಬಾಯಿಪಾಠ ಮಾಡಬೇಡಿ. ಗ್ರಾಂಡ್‌ಮದರ್ ಅನ್ನುವಲ್ಲಿ ಮನುಷ್ಯ ಕೊನೆಯಲ್ಲಿ ಇದ್ದಾಳೆ. ಸ್ಟೆಪ್‌ಸನ್, ಹಾಫ್-ಬ್ರದರ್, ಗ್ರೇಟ್-ಗ್ರಾಂಡ್‌ಫಾದರ್, ಎಲ್ಲದರಲ್ಲೂ ಅಷ್ಟೆ. ಮನುಷ್ಯ ಕೊನೆಗಿದ್ದರೆ ಎಸ್ ಕೊನೆಗೆ. ಗ್ರಾಂಡ್ಸ್‌ಮದರ್ ಅಂತ ಯಾರೂ ಬರೆಯಲ್ಲ, ಅಲ್ವಾ? ಅದೇ ನಿಯಮ, ಬೇರೆ ಜಾಗ. ಇನ್ನೊಂದು, ಗಂಡನ ಮನೆಯವರನ್ನೆಲ್ಲ ಸೇರಿಸಿ ಸಲಿಗೆಯಲ್ಲಿ “ಮೈ ಇನ್-ಲಾಸ್” ಅನ್ನುತ್ತಾರೆ. ಅಲ್ಲಿ ಮನುಷ್ಯನನ್ನು ಸೂಚಿಸುವ ಪದವೇ ಉಳಿದಿಲ್ಲ, ಇನ್-ಲಾ ಅನ್ನುವುದೇ ಮನುಷ್ಯ ಆಗಿಬಿಟ್ಟಿದೆ. ಹಾಗಾಗಿ ಎಸ್ ಅದಕ್ಕೇ ಬಿತ್ತು. ಮೈ ಇನ್-ಲಾಸ್’ ಹೌಸ್ ಅಂದರೆ ನಮ್ಮ “ಗಂಡನ ಮನೆ”.

ಈಗ ಮೇಲಿನ ಕಾಮಾ. ಇದರಲ್ಲಿ ನಿಜವಾದ ಕಷ್ಟ ಇದೆ. ಕನ್ನಡದಲ್ಲಿ ತಂಗಿಯ, ತಂಗಿಯರು, ತಂಗಿಯರ ಅಂತ ಮೂರನ್ನೂ ಬೇರೆ ಬೇರೆಯಾಗಿ ಹೇಳುತ್ತೇವೆ. ಕಿವಿಗೇ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಮೂರೂ ಸಿಸ್ಟರ್ಸ್. ಬಾಯಲ್ಲಿ ಒಂದೇ ಸದ್ದು. ವ್ಯತ್ಯಾಸ ಇರುವುದು ಬರೀ ಕಾಗದದ ಮೇಲೆ, ಒಂದು ಚುಕ್ಕೆಯಷ್ಟು ಗುರುತಿನಲ್ಲಿ. ಅದಕ್ಕೇ ಯಾರಾದರೂ ಫೋನಿನಲ್ಲಿ ಹೇಳಿ ಬರೆಸಿದರೆ ಕಿವಿಯನ್ನು ನಂಬಬೇಡಿ. ಕಂಪ್ಯೂಟರಿನ ಕೆಂಪು ಗೆರೆಯನ್ನೂ ಪೂರಾ ನಂಬಬೇಡಿ. ಅಪಾಸ್ಟ್ರಫಿ ಇದ್ದದ್ದೂ ಸರಿಯಾದ ಪದವೇ, ಇಲ್ಲದ್ದೂ ಸರಿಯಾದ ಪದವೇ, ಅದು ಸುಮ್ನೆ ಬಿಟ್ಟುಬಿಡುತ್ತದೆ.

ಈ ಚುಕ್ಕೆ ಏನು ಮಾಡಬಹುದು ಅಂತ ನಾನು ಕಣ್ಣಾರೆ ನೋಡಿದ್ದೇನೆ. ನಮ್ಮ ಕಾಕಾನ ಮಗಳ ಲಗ್ನ. ಕನ್ನಡ ಪತ್ರಿಕೆ ಊರವರಿಗೆ, ಇಂಗ್ಲಿಷ್ ಪತ್ರಿಕೆ ಹೈದರಾಬಾದ್ ಕಡೆಯ ಬಳಗಕ್ಕೆ. ಇಂಗ್ಲಿಷ್ ಕಡೆ “ಅವರ್ ಡಾಟರ್ಸ್’ ವೆಡ್ಡಿಂಗ್” ಅಂತ ಅಚ್ಚಾಗಿತ್ತು, ಎಸ್ ಆದ ಮೇಲೆ ಅಪಾಸ್ಟ್ರಫಿ. ಹಾಗೆ ಹಾಕಿದರೆ “ನಮ್ಮ ಹೆಣ್ಣುಮಕ್ಕಳ ಲಗ್ನ” ಅಂತ ಅರ್ಥ. ನಮ್ಮ ಕಡೆ ಅಕ್ಕತಂಗಿಯರಿಬ್ಬರ ಲಗ್ನ ಒಂದೇ ಹಂದರದಲ್ಲಿ ಮಾಡುವುದು ಹೊಸದೇನಲ್ಲ. ಕಾಕಾನಿಗೆ ಇಬ್ಬರು ಹೆಣ್ಣುಮಕ್ಕಳು, ಸಣ್ಣವಳು ಆಗ ಬಿ.ಎ. ಓದುತ್ತಿದ್ದಳು. ಹೈದರಾಬಾದಿನಿಂದ ಬಂದ ಹಿರಿಯರೊಬ್ಬರು ಇಬ್ಬರು ಮದುಮಕ್ಕಳಿಗೆ ಅಂತ ಎರಡು ಸೀರೆ, ಇಬ್ಬರು ಅಳಿಯಂದಿರಿಗೆ ಎರಡು ಜೊತೆ ಬಟ್ಟೆ ಆಯೇರಿ ತಂದಿದ್ದರು. ಫಂಕ್ಷನ್ ಹಾಲಿನ ಬಾಗಿಲಲ್ಲಿ ಒಂದೇ ಜೋಡಿಯ ಹೆಸರು ನೋಡಿ ಅವರು ಸಣ್ಣವಳನ್ನು ಪಕ್ಕಕ್ಕೆ ಕರೆದು, ನಿನ್ನ ಲಗ್ನ ಯಾಕೆ ನಿಂತಿತು ಮಗಾ ಅಂತ ಕೇಳಿದರು. ಆ ಹುಡುಗಿ ಅವತ್ತು ಊಟ ಸರಿಯಾಗಿ ಮಾಡಲಿಲ್ಲ. ಆವತ್ತಿನಿಂದ ನಾನು ಯಾರ ಪತ್ರಿಕೆಯ ಪ್ರೂಫ್ ಕೈಗೆ ಬಂದರೂ ಮೊದಲು ಆ ಒಂದು ಗುರುತನ್ನೇ ನೋಡುತ್ತೇನೆ. ಒಬ್ಬಳು ಮಗಳಾದರೆ ಡಾಟರ್’ಸ್, ಎಸ್‌ಗಿಂತ ಮೊದಲು. ಇಬ್ಬರಾದರೆ ಡಾಟರ್ಸ್’, ಎಸ್ ಆದ ಮೇಲೆ.

ಮಾಡುವ ವಿಧಾನ ಹೀಗೆ. ಮೊದಲು ಎಷ್ಟು ಜನ ಅಂತ ಪದವನ್ನು ಪೂರಾ ಬರೆದುಕೊಳ್ಳಿ. ಆಮೇಲೆ ಅದರ ಕೊನೆಯ ಅಕ್ಷರ ನೋಡಿ. ಬಹುವಚನ ಎಸ್‌ನಿಂದ ಮುಗಿದಿದ್ದರೆ ಬರೀ ಅಪಾಸ್ಟ್ರಫಿ ಸಾಕು: ಪೇರೆಂಟ್ಸ್’, ಬ್ರದರ್ಸ್’. ಎಸ್‌ನಿಂದ ಮುಗಿಯದಿದ್ದರೆ ಅಪಾಸ್ಟ್ರಫಿಯೂ ಬೇಕು, ಎಸ್ಸೂ ಬೇಕು. ಚಿಲ್ಡ್ರನ್ ಅನ್ನುವುದು ಆಗಲೇ ಬಹುವಚನ, ಅದರಲ್ಲಿ ಎಸ್ ಇಲ್ಲ. ಆದ್ದರಿಂದ ಮಕ್ಕಳ ಅನ್ನಲಿಕ್ಕೆ ಚಿಲ್ಡ್ರನ್’ಸ್. ಚಿಲ್ಡ್ರನ್ಸ್ ಅಂತ ಅಪಾಸ್ಟ್ರಫಿ ಇಲ್ಲದೆ ಬರೆದರೆ ಅದು ಪದವೇ ಅಲ್ಲ. ಪತ್ರಿಕೆಯಲ್ಲಿ “ಗ್ರಾಂಡ್‌ಚಿಲ್ಡ್ರನ್ಸ್” ಅಂತ ತಲೆಬರಹ ಹಾಕಿ ಕೆಳಗೆ ಮೊಮ್ಮಕ್ಕಳ ಹೆಸರು ಕೊಡುವುದು ನಾನು ಎಲ್ಲಕ್ಕಿಂತ ಜಾಸ್ತಿ ನೋಡಿದ ತಪ್ಪು. ಆ ಎಸ್ ಕಿತ್ತುಹಾಕಿ. ಆ ಚಿಲ್ಡ್ರನ್ ಪದದಲ್ಲಿ ಆಗಲೇ ಎರಡು ಬಹುವಚನ ಕೂತಿವೆ. ಹಳೇ ಇಂಗ್ಲಿಷಿನಲ್ಲಿ “ರು” ಸೇರಿಸಿ ಒಂದು ಸಲ ಬಹುವಚನ ಮಾಡಿದ್ದರು, ಮುಂದೆ ಜನ ಅದು ಸಾಲದು ಅಂತ “ಎನ್” ಕೂಡ ಸೇರಿಸಿದರು. ಮೂರನೆಯದು ಬೇಡ.

ವೈಫ್ ಪದಕ್ಕೂ ಒಂದು ಗುಟ್ಟಿದೆ. ಹೆಂಡಂದಿರು ಅಂದಾಗ ಎಫ್ ಹೋಗಿ ವಿ ಬರುತ್ತದೆ, ವೈವ್ಸ್. ಆದರೆ ಒಬ್ಬಳೇ ಹೆಂಡತಿಯ ಅಂದಾಗ ಎಫ್ ಹಾಗೇ ಇರುತ್ತದೆ, ವೈಫ್’ಸ್. ಅಪಾಸ್ಟ್ರಫಿ ಯಾವ ಪದದ ಕಾಗುಣಿತವನ್ನೂ ಬದಲಿಸಲ್ಲ. ಬಹುವಚನ ಬದಲಿಸಬಹುದು. ಬೇಬಿ, ಫ್ಯಾಮಿಲಿಗಳಿಗೂ ಇದೇ. ಕೂಸುಗಳು ಅನ್ನುವಾಗ ವೈ ಹೋಗಿ ಐ-ಇ-ಎಸ್, ಕೂಸಿನ ಅನ್ನುವಾಗ ವೈ ಅಲ್ಲೇ ಇರುತ್ತದೆ.

ನಿಮ್ಮ ರೆಡ್ಡಿ ಮನೆತನದವರ ವಿಷಯಕ್ಕೆ ಬರೋಣ. ಅವರ ಸಿಟ್ಟು ನ್ಯಾಯವಾದದ್ದು. ಮನುಷ್ಯರ ಹೆಸರಿನ ಕಾಗುಣಿತವನ್ನು ಬಹುವಚನಕ್ಕಾಗಿ ಮುರಿಯುವ ಹಾಗಿಲ್ಲ. ಫ್ಯಾಮಿಲಿ ಪದದ ವೈ ಬದಲಾಗುತ್ತದೆ, ರೆಡ್ಡಿಯ ವೈ ಬದಲಾಗಲ್ಲ. ಸುಮ್ನೆ ವೈ ಆದ ಮೇಲೆ ಎಸ್ ಬರೆಯಿರಿ, ಮುಗೀತು. ಶೆಟ್ಟಿಯವರಿಗೂ ಹಾಗೇ. ಪಾಟೀಲ, ಹಿರೇಮಠ, ಕುಲಕರ್ಣಿ, ಬಿರಾದಾರ, ಎಲ್ಲಕ್ಕೂ ಬರೀ ಎಸ್. ಹೆಸರೇ ಎಸ್‌ನಿಂದ ಮುಗಿದರೆ, ದಾಸ್ ಅಂತ ಇಟ್ಟುಕೊಳ್ಳಿ, ಆಗ ಇ-ಎಸ್. ಹೆಸರಿಗಿಂತ ಮೊದಲು “ದ” ಹಾಕುವುದು ಮರೆಯಬೇಡಿ. ದ ಪಾಟೀಲ್ಸ್ ಅಂದರೆ ಪಾಟೀಲರ ಮನೆಯವರೆಲ್ಲ. ಇಲ್ಲಿ ಅಪಾಸ್ಟ್ರಫಿ ಇಲ್ಲವೇ ಇಲ್ಲ, ಯಾಕೆಂದರೆ ಯಾರದ್ದು ಅಂತ ನಾವು ಹೇಳುತ್ತಿಲ್ಲ, ಯಾರು ಅಂತ ಹೇಳುತ್ತಿದ್ದೇವೆ. “ದ ಪಾಟೀಲ್ಸ್ ಇನ್ವೈಟ್ ಯು” ಅನ್ನುವಲ್ಲಿ ಮೇಲಿನ ಕಾಮಾ ಬಂದರೆ ತಪ್ಪು. ಪಾಟೀಲರ ಮನೆ ಅಂದಾಗ ಬರುತ್ತದೆ, ಎಸ್ ಆದ ಮೇಲೆ: ದ ಪಾಟೀಲ್ಸ್’ ಹೌಸ್. ನಿಮ್ಮ ಊರಿನ ಸೂಪರ್ ಮಾರ್ಕೆಟ್ ಪೇಟೆ ಕಡೆ ಒಂದು ಸುತ್ತು ಹಾಕಿ ಅಂಗಡಿ ಬೋರ್ಡುಗಳನ್ನು ನೋಡಿ. “ಅಂಡ್ ಸನ್ಸ್”, “ಬ್ರದರ್ಸ್” ಅಂತ ಇರುವಲ್ಲಿ ಕಾಮಾ ಬೇಕಾಗಿಲ್ಲ, ಅದು ಮಕ್ಕಳು, ಅಣ್ಣತಮ್ಮಂದಿರು ಅಂತ ಬರೀ ಲೆಕ್ಕ.

ಪಾಟೀಲರು ಅಂದೆನಲ್ಲ, ಅಲ್ಲೇ ಕನ್ನಡದವರಿಗೆ ಒಂದು ದೊಡ್ಡ ಗುಂಡಿ ಇದೆ. ನಮ್ಮ “ಅವರು” ಎರಡು ಕೆಲಸ ಮಾಡುತ್ತದೆ. ಬಹಳ ಜನ ಅಂತಲೂ ಹೇಳುತ್ತದೆ, ಒಬ್ಬರಿಗೆ ಮರ್ಯಾದೆಯನ್ನೂ ಕೊಡುತ್ತದೆ. “ನಮ್ಮ ತಂದೆಯವರ ಆಶೀರ್ವಾದ” ಅಂದರೆ ತಂದೆ ಒಬ್ಬರೇ. ಇಂಗ್ಲಿಷಿನ ಎಸ್‌ಗೆ ಮರ್ಯಾದೆ ಗೊತ್ತಿಲ್ಲ, ಅದಕ್ಕೆ ತಲೆ ಎಣಿಸುವುದು ಮಾತ್ರ ಗೊತ್ತು. ಆದರೂ ತಂದೆಯವರ ಅಂತ ಮನಸ್ಸಿನಲ್ಲಿ ಇಟ್ಟುಕೊಂಡು ಟೈಪ್ ಮಾಡುವವರು ಎಷ್ಟೋ ಸಲ “ಫಾದರ್ಸ್’” ಅಂತ ಎಸ್ ಆದ ಮೇಲೆ ಅಪಾಸ್ಟ್ರಫಿ ಹಾಕುತ್ತಾರೆ. ಹಾಗೆ ಹಾಕಿದರೆ ಒಬ್ಬರಿಗಿಂತ ಜಾಸ್ತಿ ತಂದೆ ಆಗಿಬಿಡುತ್ತಾರೆ. ಮರ್ಯಾದೆಗೆ ಹೆಸರಿಗಿಂತ ಮೊದಲು ಹಾಕುವ ಶ್ರೀ ಇದೆ, ಮಿಸ್ಟರ್ ಇದೆ. ಎಸ್ ಅನ್ನು ಅದಕ್ಕೆ ಎಳೆಯಬೇಡಿ. ಕನ್ನಡ ಕಡೆ “ಪಾಟೀಲರ” ಅಂತ ಕಂಡರೂ ಕೇಳಿ, ಒಬ್ಬ ಹಿರಿಯರ ಮಾತೋ, ಇಡೀ ಮನೆತನದ ಮಾತೋ? ಒಬ್ಬರಾದರೆ ಮಿಸ್ಟರ್ ಪಾಟೀಲ್’ಸ್, ಮನೆತನವಾದರೆ ದ ಪಾಟೀಲ್ಸ್’.

ಗಂಡ ಹೆಂಡತಿ ಇಬ್ಬರಿಗೂ ಸೇರಿದ್ದು ಅಂತ ಬರೆಯುವಾಗ ಎರಡನೆಯ ಹೆಸರಿಗೆ ಮಾತ್ರ ಅಪಾಸ್ಟ್ರಫಿ ಎಸ್ ಹಾಕಿ. “ಬಸವರಾಜ ಅಂಡ್ ಸುಮಾ’ಸ್ ಸನ್” ಅಂದರೆ ಇಬ್ಬರ ಮಗ. ಇಬ್ಬರಿಗೂ ಬೇರೆ ಬೇರೆ ಹಾಕಿದರೆ ಇವರ ಮಕ್ಕಳು ಬೇರೆ, ಅವರ ಮಕ್ಕಳು ಬೇರೆ ಅಂತ ಆಗುತ್ತದೆ. ಲಗ್ನಪತ್ರಿಕೆಯಲ್ಲಿ ಹಾಗೆ ಅಚ್ಚಾದರೆ ಎಷ್ಟು ನೋವಾಗಬಹುದು ಯೋಚಿಸಿ. ಉದ್ದ ಸಂಬಂಧಗಳು ಮಾತ್ರ ಇಂಗ್ಲಿಷಿನಲ್ಲೂ ಕನ್ನಡದ ಹಾಗೇ ಸರಪಳಿ ಆಗುತ್ತವೆ, ಇದು ಖುಷಿಯ ವಿಷಯ. ನಮ್ಮ ಅಪ್ಪನ ಅಕ್ಕನ ಮಗಳು: ಮೈ ಫಾದರ್’ಸ್ ಸಿಸ್ಟರ್’ಸ್ ಡಾಟರ್. ಎಲ್ಲೆಲ್ಲಿ ನಾವು “ನ” ಅನ್ನುತ್ತೇವೋ ಅಲ್ಲಲ್ಲಿ ಅಪಾಸ್ಟ್ರಫಿ ಎಸ್.

ಈ ಸರಪಳಿ ನಿಮಗೆ ಬಹಳ ಉಪಯೋಗಕ್ಕೆ ಬರುತ್ತದೆ, ಯಾಕೆಂದರೆ ನಮ್ಮ ಕೆಲವು ಸಂಬಂಧಗಳಿಗೆ ಇಂಗ್ಲಿಷಿನಲ್ಲಿ ಹೆಸರೇ ಇಲ್ಲ. ಬೀಗರು ಅನ್ನಲಿಕ್ಕೆ ಒಂದು ಪದ ಹುಡುಕಿ ನೋಡಿ, ಸಿಗಲ್ಲ. ಮಗಳ ಅತ್ತೆ ಮಾವ ಅಂತ ಬಿಡಿಸಿಯೇ ಬರೆಯಬೇಕು: ಅವರ್ ಡಾಟರ್’ಸ್ ಇನ್-ಲಾಸ್. ಷಡ್ಡಕನಿಗೆ ಕೋ-ಬ್ರದರ್, ನೆಗೆಣ್ಣಿಗೆ ಕೋ-ಸಿಸ್ಟರ್ ಅಂತ ನಮ್ಮ ದೇಶದಲ್ಲಿ ನಡೆಯುತ್ತದೆ, ಇಲ್ಲಿಯ ಕಾರ್ಡಿಗೆ ಪರವಾಗಿಲ್ಲ. ಆದರೆ ಹೊರದೇಶದ ವೀಸಾ ಕಾಗದ, ಆಮಂತ್ರಣ ಪತ್ರ ಅಂತ ಯಾರಾದರೂ ಟೈಪ್ ಮಾಡಿಸಲಿಕ್ಕೆ ಬಂದರೆ ಮೈ ವೈಫ್’ಸ್ ಸಿಸ್ಟರ್’ಸ್ ಹಸ್ಬೆಂಡ್ ಅಂತ ಬಿಡಿಸಿ ಬರೆದುಕೊಡಿ. ವೈನಿ, ನಾದಿನಿ, ನೆಗೆಣ್ಣಿ, ಮೂವರೂ ಅಲ್ಲಿ ಸಿಸ್ಟರ್ಸ್-ಇನ್-ಲಾ. ನಮ್ಮ ಒಂದೇ ಓಣಿಯಲ್ಲಿ ಕಾಕಾ, ಚಾಚಾ, ಬಾಬಾಯಿ ಮೂರೂ ಕೇಳುತ್ತವೆ, ಇಂಗ್ಲಿಷಿಗೆ ಮೂವರೂ ಬರೀ ಅಂಕಲ್.

ಈ ಮೇಲಿನ ಕಾಮಾ ಎಲ್ಲಿಂದ ಬಂತು ಅಂತ ಒಂದೆರಡು ಮಾತು. ಹಳೇ ಇಂಗ್ಲಿಷಿನಲ್ಲಿ “ಯಾರ” ಅನ್ನುವುದಕ್ಕೆ ಬಹಳ ಪದಗಳ ಕೊನೆಗೆ ಇ-ಎಸ್ ಬರುತ್ತಿತ್ತು. ಬರಬರುತ್ತಾ ಇ ಬಿದ್ದುಹೋಯಿತು, ಬಿದ್ದ ಜಾಗಕ್ಕೆ ಗುರುತಾಗಿ ಈ ಚಿಹ್ನೆ ಬಂತು. ಚಿಹ್ನೆ ಇಂಗ್ಲಿಷಿಗೆ ಬಂದದ್ದು 16ನೇ ಶತಮಾನದಲ್ಲಿ. ಬಹುವಚನದ ಎಸ್ ಆದ ಮೇಲೆ ಹಾಕುವ ಪದ್ಧತಿ ನೆಲೆಯಾಗಲಿಕ್ಕೆ 18ನೇ ಶತಮಾನ ಬರಬೇಕಾಯಿತು. ಇಂಗ್ಲಿಷಿನವರಿಗೇ ಇಷ್ಟು ಕಾಲ ಹಿಡಿದಿದೆ ಅಂದ ಮೇಲೆ ನಿಮಗೆ ಮೂರು ಕಾರ್ಡಿನಲ್ಲಿ ತಪ್ಪಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಅಮೆರಿಕದಲ್ಲಿ ಅನಾ ಜಾರ್ವಿಸ್ ಅಂತ ಒಬ್ಬರಿದ್ದರು, ತಾಯಂದಿರ ದಿನ ಶುರುವಾಗಲಿಕ್ಕೆ ಅವರೇ ಕಾರಣ. 1908ರಲ್ಲಿ ಮೊದಲು ಆಚರಿಸಿದರು, 1914ರಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಅದನ್ನು ದೇಶಕ್ಕೆಲ್ಲ ಘೋಷಿಸಿದರು. ಅಪಾಸ್ಟ್ರಫಿ ಎಸ್‌ಗಿಂತ ಮೊದಲೇ ಇರಬೇಕು ಅಂತ ಆಕೆ ಹಟ ಹಿಡಿದಿದ್ದರು. ಲೋಕದ ತಾಯಂದಿರೆಲ್ಲರ ದಿನ ಅಲ್ಲ, ಪ್ರತಿಯೊಂದು ಮನೆಯವರು ತಮ್ಮ ಒಬ್ಬ ತಾಯಿಯನ್ನು ನೆನೆಯುವ ದಿನ ಅಂತ ಅವರ ಮಾತು. ಆದ್ದರಿಂದ ಮದರ್’ಸ್ ಡೇ. ಕನ್ನಡದಲ್ಲಿ ನಾವು “ತಾಯಂದಿರ ದಿನ” ಅಂತ ಬಹುವಚನ ಮಾಡಿಕೊಂಡಿದ್ದೇವೆ, ಅದಕ್ಕೇ ಮೇ ತಿಂಗಳಲ್ಲಿ ಬ್ಯಾನರ್ ಮಾಡಿಸಲಿಕ್ಕೆ ಬರುವವರು ಕಾಮಾ ಎಸ್ ಆದ ಮೇಲೆ ಹಾಕಿ ಅಂತ ಹೇಳಬಹುದು. ನೀವು ಮೊದಲೇ ಹಾಕಿ. ನವೆಂಬರ್ 14ರ ಮಕ್ಕಳ ದಿನಕ್ಕೆ ಚಿಲ್ಡ್ರನ್’ಸ್ ಡೇ, ಅಲ್ಲೂ ಎಸ್‌ಗಿಂತ ಮೊದಲೇ, ಆದರೆ ಕಾರಣ ಬೇರೆ, ಮೇಲೆ ಹೇಳಿದೆನಲ್ಲ.

ಈಗ ನಿಮ್ಮ ಮೂರು ಕಾರ್ಡು. ಮೊದಲನೆಯದರಲ್ಲಿ ಮೂವರು ಅಳಿಯಂದಿರ ಹೆಸರಿನ ಮೇಲೆ ಸನ್ಸ್-ಇನ್-ಲಾ, ಅಪಾಸ್ಟ್ರಫಿ ಬೇಡ. ಎರಡನೆಯದರಲ್ಲಿ ಅಳಿಯನ ಮನೆ ವಿಳಾಸಕ್ಕೆ ಸನ್-ಇನ್-ಲಾ’ಸ್, ಬಾಲದಲ್ಲಿ. ಮೂರನೆಯದರಲ್ಲಿ “ದ” ಹಾಕಿ, ರೆಡ್ಡಿಯ ವೈ ಹಾಗೇ ಇಟ್ಟು ಅದಾದ ಮೇಲೆ ಒಂದು ಎಸ್. ಪ್ರೂಫ್ ಕಳಿಸುವಾಗ ಒಂದು ಕೆಲಸ ಮಾಡಿ, ಎಸ್ ಇರುವ ಪ್ರತಿ ಪದಕ್ಕೂ ಪೆನ್ಸಿಲ್‌ನಲ್ಲಿ ಒಂದು ಸುತ್ತು ಹಾಕಿ, ಪಕ್ಕದಲ್ಲಿ ಅದರ ಕನ್ನಡ ಬರೆಯಿರಿ: ಅಳಿಯಂದಿರು, ಅಳಿಯನ, ರೆಡ್ಡಿಯವರು. ಅದನ್ನು ನೋಡಿ ಮನೆಯ ಮುತ್ಯಾ ಕೂಡ ಸರಿಯೋ ತಪ್ಪೋ ಹೇಳಿಬಿಡುತ್ತಾರೆ, ಅವರಿಗೆ ಇಂಗ್ಲಿಷ್ ಬರದೇ ಇದ್ದರೂ ಪರವಾಗಿಲ್ಲ. ಎಷ್ಟು ಜನ ಅಳಿಯಂದಿರಿದ್ದಾರೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ!